ಏಳು ನೀರು

ಅಂದಾನಪ್ಪ ಊರಿಗೆ ಬರುವ ದಿನ ಬಾಳವ್ವ ಹೊಸಿಲ ಹೊರಗೆ ಒಂದು ತಗಡಿನ ಬುಟ್ಟಿ ಇಡುತ್ತಿದ್ದಳು. ಮೈಮೇಲಿನ ಬಟ್ಟೆ, ಚೀಲದೊಳಗಿನ ಬಟ್ಟೆ ಎಲ್ಲ ಮೊದಲು ಆ ಬುಟ್ಟಿಗೆ ಬೀಳಬೇಕು; ಆಮೇಲೆ ಯಜಮಾನನ ಕಾಲು ಒಳಗೆ ಬರಬೇಕು. ಇಪ್ಪತ್ತೊಂಬತ್ತು ವರ್ಷದಿಂದ ನಡೆದುಕೊಂಡು ಬಂದ ನೇಮ.

ರಾಯಚೂರ ಕಡೆ ಕರೆಂಟು ತಯಾರಿಸುವ ದೊಡ್ಡ ಸ್ಥಾವರವೊಂದರ ಕಲ್ಲಿದ್ದಲು ಯಾರ್ಡಿನಲ್ಲಿ ಅಂದಾನಪ್ಪ ಗುತ್ತಿಗೆಯ ಆಳು. ರೈಲಿನ ವ್ಯಾಗನ್ನಿನಿಂದ ಇಳಿದ ಕಲ್ಲಿದ್ದಲು ಬೆಲ್ಟಿನ ಮೇಲೆ ಹರಿದು ಹೋಗುವಾಗ, ಪಕ್ಕಕ್ಕೆ ಚೆಲ್ಲಿದ್ದನ್ನು ಸಲಿಕೆಯಿಂದ ಎತ್ತಿ ಮತ್ತೆ ಬೆಲ್ಟಿಗೆ ಹಾಕುವುದು ಅವನ ಕೆಲಸ. ತಿಂಗಳಿಗೆ ನಾಲ್ಕು ದಿನ ರಜೆ. ಆ ನಾಲ್ಕು ದಿನ ಅವನ ಊರು ಸೂಡಿಯ ಮನೆಯಲ್ಲಿ ಹಬ್ಬವಿದ್ದ ಹಾಗೆ. ಆದರೆ ಹಬ್ಬದ ಮೊದಲ ಹೊತ್ತು ಬಾಳವ್ವನಿಗೆ ಒಗೆಯುವ ಕಲ್ಲಿನ ಮುಂದೆಯೇ ಕಳೆಯುತ್ತಿತ್ತು. ಮೊದಲ ಕೊಡದ ನೀರು ಕಾಡಿಗೆಯಂತೆ ಹರಿಯುವುದು. ಎರಡನೆಯದೂ ಅಷ್ಟೆ. ನಾಲ್ಕನೆಯದಕ್ಕೆ ಬೂದಿಯ ಬಣ್ಣ. ಏಳನೆಯ ಕೊಡಕ್ಕೆ ಬಂದಾಗಷ್ಟೇ ನೀರು ನೀರಿನಂತೆ ಕಾಣುವುದು. ಒಗೆಯುವಾಗ ಮಠದ ಭಜನೆಯಲ್ಲಿ ಕೇಳಿದ ತತ್ವಪದಗಳನ್ನು ಒಂದೊಂದಾಗಿ ಅಂದುಕೊಳ್ಳುತ್ತಿದ್ದಳು. ಒಂದು ಪದ ಮುಗಿಯುವುದಕ್ಕೂ ಒಂದು ಕೊಡ ಬರಿದಾಗುವುದಕ್ಕೂ ಸರಿಹೋಗುತ್ತಿತ್ತು. ಊರಿನ ನಳ ಮೂರು ದಿನಕ್ಕೊಮ್ಮೆ ಬರುತ್ತಿದ್ದರೂ ಈ ಏಳು ಕೊಡಗಳನ್ನು ಅವಳು ಬೇರೆಯಾಗಿ ತುಂಬಿ ಮುಚ್ಚಿಡುತ್ತಿದ್ದಳು.

ಆ ಯಾರ್ಡಿನ ಗುರುತು ದೇವರ ಜಗಲಿಯ ಮೇಲೂ ಇತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಮಹಾನವಮಿಗೆ ಅಂದಾನಪ್ಪ ಸಾಹೇಬರನ್ನು ಕೇಳಿಯೇ ಒಂದು ಕಲ್ಲಿದ್ದಲಿನ ಹೆಂಟೆ ತಂದಿದ್ದ. ಗಾತ್ರದಲ್ಲಿ ಸುಲಿದ ತೆಂಗಿನಕಾಯಿಯಷ್ಟು. ಒಕ್ಕಲಿಗರು ರಂಟೆ ಕುಂಟೆ ಪೂಜಿಸುವ ದಿನ ಇವನು ಇದನ್ನಿಟ್ಟು ಕಾಯಿ ಒಡೆದ. ಆಯುಧಪೂಜೆ ಮುಗಿದರೂ ಕಲ್ಲು ಕೆಳಗಿಳಿಯಲಿಲ್ಲ. ಪ್ರತಿ ಸೋಮವಾರ ದೇವರಿಗೆ ವಿಭೂತಿ ಹಚ್ಚಿದ ಕೈಯಿಂದಲೇ ಬಾಳವ್ವ ಅದಕ್ಕೂ ಮೂರು ಬೆರಳು ಎಳೆಯುತ್ತಿದ್ದಳು. ಅನ್ನ ಕೊಟ್ಟದ್ದು ಅದೇ. ತಗಡಿನ ಮನೆಗೆ ಆರ್‌ಸಿಸಿ ಹಾಕಿಸಿದ್ದು, ಇಬ್ಬರು ಹೆಣ್ಣುಮಕ್ಕಳ ಲಗ್ನ ಮಾಡಿದ್ದು, ಮಗನನ್ನು ಐಟಿಐ ಓದಿಸಿದ್ದು ಎಲ್ಲವೂ ಅದೇ.

ಈ ಸಲ ಆಷಾಢದ ಕೊನೆಗೆ ಬಂದ ಅಂದಾನಪ್ಪ ಹಾಸಿಗೆ ಸುರುಳಿಯನ್ನೂ ಹೊತ್ತು ತಂದಿದ್ದ. ಬಾಳವ್ವ ನೋಡಿದಳು, ಕೇಳಲಿಲ್ಲ. ಕೇಳುವುದಕ್ಕಿಂತ ಕಾಯುವುದು ಅವಳಿಗೆ ರೂಢಿ. ಸಂಜೆ ರೊಟ್ಟಿ, ಪುಂಡಿಪಲ್ಯ ಬಡಿಸಿಕೊಂಡು ಎಲ್ಲರೂ ಕೂತಾಗ ಮಾತು ಹೊರಬಿತ್ತು.

"ನನಗ ಐವತ್ತೆಂಟು ತುಂಬಿತು," ಎಂದ ಅಂದಾನಪ್ಪ. "ಶ್ರಾವಣ ಮುಗಿಯೂದ್ರಾಗ ಗೇಟ್ ಪಾಸ್ ವಾಪಸ್ ಕೊಡಬೇಕು. ಗುತ್ತಿಗೆದಾರಗ ಹೇಳಿ ಬಂದೀನಿ, ನನ್ನ ಜಾಗಾಕ್ಕ ನನ್ನ ಮಗ ಬರ್ತಾನ ಅಂತ. ಆತು ಕರ್ಕೊಂಡ ಬಾ ಅಂದಾನ. ಅಷ್ಟರಾಗ ಯಾರೂ ಹೋಗಲಿಲ್ಲಂದ್ರ ಜಾಗಾ ಹೋತು."

ಮಗ ಅಮರೇಶ ಇಪ್ಪತ್ತೇಳರವನು. ಗಜೇಂದ್ರಗಡದ ಒಂದು ಅಂಗಡಿಯಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಕೆಲಸ. ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಾಟಿಗಿಟ್ಟ.

"ನನ್ನ ಒಂದ ಮಾತ ಕೇಳಿ ಹೇಳಬೇಕಿತ್ತಲ್ಲ ಯಪ್ಪಾ."

"ಏನ ಕೇಳೂದು? ಹಸಿವಿ ಆಗತೈತೇನಪಾ ಅಂತ ಕೇಳಬೇಕಿತ್ತೇನು?"

"ಗುಡ್ಡದ ಮ್ಯಾಲಿನ ಫ್ಯಾನಿನ ಕಂಪನ್ಯಾಗ ಮಂದಿ ತಗೊಳ್ಳಾಕತ್ತಾರ. ನಾ ಅರ್ಜಿ ಹಾಕೀನಿ."

ಅಂದಾನಪ್ಪ ಬಾಗಿಲಾಚೆ ನೋಡಿದ. ಗಜೇಂದ್ರಗಡದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಆಷಾಢದ ಗಾಳಿಗೆ ಬಿಡುವಿಲ್ಲದೆ ತಿರುಗುತ್ತಿದ್ದವು. ನೆತ್ತಿಯ ಕೆಂಪು ದೀಪಗಳು ಆಗತಾನೆ ಹೊತ್ತಿಕೊಂಡಿದ್ದವು.

"ಎಷ್ಟ ಕೊಡ್ತಾರ?"

"ಮೊದಲ ಹದಿನಾಕು ಸಾವಿರ. ಕಲಿತಂಗ ಹೆಚ್ಚ ಮಾಡ್ತಾರ."

"ನನ್ನ ಜಾಗಾದಾಗ ಇಪ್ಪತ್ತೆರಡು ಬರ್ತಾವ. ಪಿಎಫ್ ಬ್ಯಾರೆ. ಲೇ, ಅವು ಈಗ ತಿರಗತಾವ ಅಂತ ಹೊಳ್ಳಿ ಹೊಳ್ಳಿ ನೋಡಬ್ಯಾಡ. ಮಾಗಿ ಬರಲಿ, ನಿಂತ ನಿದ್ದಿ ಮಾಡತಾವ. ಆವಾಗ ನಿಮ್ಮನ್ಯಾಗಿನ ಈ ಬಲ್ಬ ಯಾರ ಹತ್ತಸ್ತಾರ? ನಿಮ್ಮಪ್ಪ ಹತ್ತಸ್ತಾನ!"

ಅವನ ಬೆರಳು ಇನ್ನೂ ಬಲ್ಬಿನ ಕಡೆಗೇ ಇತ್ತು, ಕರೆಂಟು ಹೋಯಿತು.

ಕತ್ತಲಲ್ಲಿ ಸೊಸೆ ಐಶ್ವರ್ಯಾಳ ದನಿ ಮೆಲ್ಲಗೆ ಕೇಳಿತು. "ಮಾವಾರ, ಯಾರೋ ಸಲಿಕಿ ಕೆಳಗ ಇಟ್ಟಂಗ ಕಾಣಸ್ತೈತಿ ನೋಡ್ರಿ."

ಬಾಳವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಮರೇಶ ಕಿಸಕ್ಕೆಂದ. ಕಡೆಗೆ ಅಂದಾನಪ್ಪನೂ ನಕ್ಕ. "ನಿನ್ನ ಸೊಸಿ ಬಾಯಿ ಭಾಳ ಆಗೈತಿ" ಎಂದು ಹೆಂಡತಿಗೆ ದೂರು ಹೇಳಿದ, ಸೊಸೆ ತನಗೇನೂ ಆಗಬೇಕಿಲ್ಲವೆಂಬಂತೆ.

*

ಅಂದಾನಪ್ಪ ಮನೆಯಲ್ಲೇ ಇರತೊಡಗಿದ್ದು ಬಾಳವ್ವನಿಗೆ ಹೊಸದು. ಮುಂಜಾನೆ ಐದಕ್ಕೆ ಪಾಳಿಗೆ ಹೊರಡುವವನಂತೆ ಎದ್ದು ಕೂಡುತ್ತಿದ್ದ. ಹೋಗಲಿಕ್ಕೆ ಎಲ್ಲಿಯೂ ಇಲ್ಲದೆ ಒಲೆಯ ಹತ್ತಿರ ಬಂದು, "ಕಟ್ಟಿಗಿ ಹಿಂಗ ಒತ್ತೊತ್ತಿ ಇಟ್ರ ಉಸರ ಕಟ್ಟತೈತಿ. ನಡಕ ಸಂದಿ ಬಿಡು, ಗಾಳಿ ಆಡಲಿ" ಎಂದು ಪಾಠ ಹೇಳುತ್ತಿದ್ದ. ಮೂವತ್ತು ವರ್ಷ ಅದೇ ಒಲೆಯಲ್ಲಿ ರೊಟ್ಟಿ ಬಡಿದವಳಿಗೆ ಇದು ನಗೆಯ ಮಾತು. ಆದರೂ ಅವನು ಹೇಳಿದಂತೆ ಸಂದಿ ಬಿಟ್ಟಳು. ಕಾದ ಹಂಚಿನಿಂದ ಎತ್ತಿದ ರೊಟ್ಟಿಯನ್ನು ದಿನವೂ ಬಿಸಿಬಿಸಿಯಾಗಿ ಗಂಡನ ತಾಟಿಗೆ ಹಾಕುವುದು ಅವಳಿಗೆ ಎಷ್ಟು ಹಿತವೆನಿಸಿತೆಂದರೆ, ಎರಡು ಸಾಕೆಂದವನಿಗೆ ಮೂರು ಹಾಕಿ ಬೈಸಿಕೊಳ್ಳುತ್ತಿದ್ದಳು.

ಜಗಳ ಮಾತ್ರ ನಿಂತಿರಲಿಲ್ಲ. ಹೆಸರುಕಾಯಿ ಬಿಡಿಸುತ್ತ ಕೂತಾಗ ಒಮ್ಮೆ, ದನಕ್ಕೆ ನೀರು ಕುಡಿಸುವಾಗ ಒಮ್ಮೆ ಅದು ಮೇಲೇಳುತ್ತಿತ್ತು. ಐಶ್ವರ್ಯಾ ಹೊಳೆಮಣ್ಣೂರಿನ ಹುಡುಗಿ. ಗದಗಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಈ ಮನೆಗೆ ಬಂದು ಒಂದೂವರೆ ವರ್ಷ.

"ಈಗೀಗ ಮಳಿ ಹಿಂಗ ಕೆಟ್ಟು ಬರೂದಕ್ಕ ಈ ಹೊಗಿನೂ ಒಂದ ಕಾರಣ ಅಂತ ನಮ್ಮ ಕಾಲೇಜಿನ್ಯಾಗ ಹೇಳ್ತಿದ್ರು ಮಾವಾರ. ಹೊಳಿ ಬಂದ ವರ್ಷ ನಮ್ಮನಿ ಗ್ವಾಡಿ ಕರಗಿದ್ದು ನಾ ಕಣ್ಣಾರೆ ನೋಡೀನಿ."

"ಹಂಗಂದ್ರ ನಾ ಸಲಿಕಿ ಹಿಡದಿದ್ದಕ್ಕ ನಿಮ್ಮೂರಿಗೆ ಹೊಳಿ ಬಂತೇನವಾ?"

"ನಿಮ್ಮೊಬ್ಬರಿಂದ ಅಂತ ನಾ ಎಲ್ಲಿ ಅಂದೆ?"

"ನಿನ್ನ ಕಾಲೇಜಿಗೆ ಕರೆಂಟ ಎಲ್ಲಿಂದ ಬರ್ತಿತ್ತು, ಅದನ್ನ ಹೇಳ್ಯಾರೇನು ನಿಮ್ಮ ಮಾಸ್ತರು?"

ಐಶ್ವರ್ಯಾ ತಲೆ ತಗ್ಗಿಸಿ ಕಾಯಿ ಬಿಡಿಸತೊಡಗಿದಳು. ಅಂದಾನಪ್ಪನೂ ಗೆದ್ದೆನೆಂದು ಬೀಗಲಿಲ್ಲ. ಅವನಿಗೆ ಕೆಮ್ಮು ಬಂದಿತ್ತು. ಸೊಸೆ ಎದ್ದು ನೀರು ತಂದುಕೊಟ್ಟಳು. "ಥಂಡಿ ಆಗೈತಿ" ಎಂದ ಅವನು. ಆ ಥಂಡಿಗೆ ಹತ್ತು ವರ್ಷವಾಗಿತ್ತು.

ಒಂದು ಮಧ್ಯಾಹ್ನ ಯಾರ್ಡಿನ ಜೊತೆಗಾರ ಗೌಸುಸಾಬನ ಫೋನು ಬಂತು. ಅಂದಾನಪ್ಪನಿಗೆ ಕಿವಿ ಮಂದ. ಫೋನಿನ ದನಿಯನ್ನು ಪಡಸಾಲೆಗೆಲ್ಲ ಕೇಳುವಂತೆ ಇಡುವುದು ವಾಡಿಕೆ.

"ಅಂದಾನಪ್ಪಣ್ಣ, ಹಳೇ ಯುನಿಟ್ ಎರಡು ಬಂದ್ ಮಾಡ್ತಾರಂತ ಮತ್ತ ಸುದ್ದಿ ಎದ್ದೈತಿ. ಖರೇನೋ ಸುಳ್ಳೋ ಆ ಅಲ್ಲಾಗ ಗೊತ್ತು. ನನ್ನ ಅಳಿಯ, ನಮ್ಮ ಆಸಿಫಾನ ಗಂಡ, ಆರು ತಿಂಗಳಾತು ಕೆಲಸಿಲ್ದ ಕುಂತಾನ. ನಿನ್ನ ಮಗ ಬರಾಂಗಿಲ್ಲಂದ್ರ ಮೊದಲ ನನಗ ಹೇಳಪಾ."

"ಬರ್ತಾನ ಬರ್ತಾನ. ಯಾಕ ಬರಾಂಗಿಲ್ಲ?" ಎಂದು ಅಂದಾನಪ್ಪ ಲಗುಬಗೆಯಿಂದ ಫೋನು ಇಟ್ಟ.

"ಬಂದ್ ಆಗೋ ಕಡಿಗೆ ಮಗನ್ನ ಕಳಸ್ತೀರೇನ್ರಿ?" ಎಂದಳು ಐಶ್ವರ್ಯಾ.

"ನಾ ಸೇರಿದಾಗಿಂದ ಬಂದ್ ಮಾಡಾಕತ್ತಾರವಾ. ಬಂದ್ ಅಂದವರು ರಿಟೈರ್ ಆಗಿ ಮನಿಗೆ ಹೋದ್ರು, ಬೆಲ್ಟ ಇನ್ನೂ ನಡದೈತಿ."

*

ಪಂಚಮಿ ಬಂತು. ಮಲಪ್ರಭೆ ತುಂಬಿ ಹರಿಯುತ್ತಿದ್ದುದರಿಂದ "ಈಗ ಬರಬ್ಯಾಡ, ಇಳದ ಮ್ಯಾಲ ಬಾ" ಎಂದು ಐಶ್ವರ್ಯಾಳ ತವರಿನವರೇ ಹೇಳಿದ್ದರು. ಮುಖ ಸಣ್ಣದು ಮಾಡಿಕೊಂಡ ಸೊಸೆಗಾಗಿ ಬಾಳವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದಳು, ಜೋಳದ ಅಳ್ಳು ಹುರಿದಳು. ಹಿತ್ತಲ ಬೇವಿನ ಮರಕ್ಕೆ ಜೋಕಾಲಿಯೂ ಆಗಬೇಕು.

"ಅಮರ್ಯಾ, ಹಗ್ಗ ಕಟ್ಟಿ ಬಾರೋ."

"ಅಪ್ಪ ಕಟ್ಲಿ. ನನಗ ಅಂಗಡಿಗೆ ಹೊತ್ತಾತು," ಎಂದ ಅಮರೇಶ. ಹಬ್ಬದ ದಿನ ಅಂಗಡಿಗೆ ಬೀಗವಿತ್ತು.

ಅಂದಾನಪ್ಪನೇ ಐವತ್ತೆಂಟರ ಮೈಯನ್ನು ಕೊಂಬೆಗೆ ಏರಿಸಿ ಹಗ್ಗ ಬಿಗಿದ. ಐಶ್ವರ್ಯಾ ಸೀರೆ ಸಿಕ್ಕಿಸಿ ಜೋಕಾಲಿಯ ಮೇಲೆ ನಿಂತಳು. ನಾಲ್ಕು ಜೀಕಿಗೆ ಕಾಲು ಗೋಡೆ ದಾಟಿತು, ಎಂಟಕ್ಕೆ ಬೇವಿನ ತುದಿಗೊಂಚಲು ಬಾಯಲ್ಲಿ ಕಚ್ಚಿಕೊಂಡು ಬಂದಳು. ಓಣಿಯ ಹೆಂಗಸರು ಹೋ ಎಂದರು. ಬಾಳವ್ವನ ಕಣ್ಣು ಮಾತ್ರ ಮಗನ ಮೇಲಿತ್ತು. ಅವನು ದೂರ ಕಟ್ಟೆಯ ಮೇಲೆ ಕೂತಿದ್ದ. ಹೆಂಡತಿ ಮೇಲೆ ಹೋದಾಗಲೆಲ್ಲ ಎರಡೂ ಕೈಯಿಂದ ಕಟ್ಟೆಯ ಅಂಚು ಹಿಡಿಯುತ್ತಿದ್ದ. ಸಣ್ಣವನಿದ್ದಾಗಲೂ ಹಾಗೆಯೇ, ಅಕ್ಕಂದಿರು ಜೀಕುವಾಗ ಕೆಳಗೆ ನಿಂತು ಉಂಡಿ ಕಾಯುವ ಕೆಲಸ ಅವನದು. ಬಾಳವ್ವನಿಗೆ ಗುಡ್ಡದ ಮೇಲಿನ ಕಂಬಗಳ ಎತ್ತರ ನೆನಪಾಯಿತು.

ಮುಂದಿನ ವಾರ ಕಂಪನಿಯವರು ಪರೀಕ್ಷೆಗೆ ಕರೆದರು. ಮುಂಜಾನೆ ಶೀಟಿ ಹಾಕುತ್ತ ಹೋದ ಅಮರೇಶ ಹೊತ್ತು ಇಳಿಯುವ ಮೊದಲೇ ಬಂದು ದನದ ಹತ್ತಿರ ಕೂತ.

"ಏನಂದ್ರೋ?" ಅಂದಾನಪ್ಪ ಕೇಳಿದ.

"ಹೇಳಿ ಕಳಸ್ತೀವಿ ಅಂದಾರ."

ಊಟಕ್ಕೆ ಕೂತಾಗ ರೊಟ್ಟಿ ಮುರಿಯಲಿಕ್ಕೆ ಅವನಿಗೆ ಆಗುತ್ತಿರಲಿಲ್ಲ. ಅಂಗೈಯ ಬುಡದಲ್ಲಿ ಬೊಬ್ಬೆ ಎದ್ದಿದ್ದವು. ಬಾಳವ್ವ ರೊಟ್ಟಿಯನ್ನು ಚೂರು ಮಾಡಿ ಸಾರಿನಲ್ಲಿ ಕಲಸಿ ತಾಟು ಮುಂದಿಟ್ಟಳು. ಮರುದಿನ ಹಿತ್ತಲಲ್ಲಿ ಕೊಬ್ಬರಿ ಎಣ್ಣೆ ಹಚ್ಚುವಾಗ ಅವನೇ ಬಾಯಿಬಿಟ್ಟ.

"ಯವ್ವಾ, ಒಳಗ ಕಬ್ಬಿಣದ ನಿಚ್ಚಣಿಕಿ ನಟ್ಟಗ ಐತಿ. ಸೊಂಟಕ್ಕ ಪಟ್ಟಿ ಕಟ್ಟಿದ್ರು. ನಲವತ್ತ ಮೆಟ್ಟಲಾ ಏರಿದ್ನಿ. ಆಮ್ಯಾಲ ಕೈ ಬಿಡಾಕ ಬರಲಿಲ್ಲ. ಮ್ಯಾಲೂ ಹೋಗಾಕಾಗಲಿಲ್ಲ, ಕೆಳಗೂ ಇಳಿಯಾಕಾಗಲಿಲ್ಲ. ಕಡೀಕ ಒಬ್ಬಾವ ಬಂದು ಕೈಯಿನ ಒಂದೊಂದ ಬಟ್ಟ ಬಿಡಿಸಿ ಇಳಿಸಿದ."

"ಆತ ಬಿಡಪಾ. ಎಲ್ಲಾರಿಗೂ ಎಲ್ಲಾ ಬರೂದಿಲ್ಲ."

"ಅಪ್ಪನ ಮುಂದ ಎಷ್ಟ ಮಾತ ಆಡಿದ್ನಿ. ಈಗ ಯಾವ ಮುಖಾ ಇಟಗೊಂಡ ಇರ್ಲಿ?" ಅವನು ಅಂಗೈ ಊದಿಕೊಂಡ. "ನಾ ಯಾರ್ಡಿಗೇ ಹೋಗ್ತೀನಿ."

ಅಂದೇ ಸಂಜೆ ಅದನ್ನು ಅಪ್ಪನಿಗೂ ಹೇಳಿದ, ಏರಲಾಗದ ಸಂಗತಿಯೊಂದನ್ನು ಬಿಟ್ಟು. ಅಂದಾನಪ್ಪನ ಮುಖ ಅರಳಿತು. "ಈಗ ಬುದ್ಧಿ ಬಂತ ನೋಡು. ಗುರುವಾರ ಹೋಗೂಣು, ನಾನೂ ಬಂದು ಎಲ್ಲಾರಿಗೂ ಪರಿಚಯ ಮಾಡಿ ಕೊಡ್ತೀನಿ." ಬಾಳವ್ವ ಏಳು ನೀರು ಹಾಕಿ ಮಡಿಸಿಟ್ಟಿದ್ದ ತನ್ನ ನೀಲಿ ಅಂಗಿ, ಚಡ್ಡಿ, ಮಿಂಚುವ ಪಟ್ಟಿಯ ಜಾಕೀಟನ್ನು ಪೆಟ್ಟಿಗೆಯಿಂದ ಅವನೇ ತೆಗೆದು ಮಗನ ಬೆನ್ನಿಗೆ ಹಿಡಿದು ನೋಡಿದ. "ಹೆಗಲಿಗೆ ಸರೀ ಆಗತೈತಿ."

ಐಶ್ವರ್ಯಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಗಂಡನಿಂದ ಅವಳು ಎಲ್ಲ ತಿಳಿದಿದ್ದಳು.

"ಮಾವಾರ, ನಾನೂ ಅರ್ಜಿ ಹಾಕೀನ್ರಿ. ಶುಕ್ರವಾರ ಬಾ ಅಂದಾರ. ನಾ ಏರತೀನಿ."

"ಎಲ್ಲಿ ಏರತಿ?"

"ಫ್ಯಾನಿನ ಕಂಬಾ."

ಅಂದಾನಪ್ಪ ಜಾಕೀಟು ಹಿಡಿದೇ ನಿಂತ. "ಹೆಣಮಗಳು? ಅಷ್ಟೆತ್ತರ?"

"ಹೊಳಿ ಬಂದಾಗ ಊರಿನ ನೀರಿನ ಟಾಕಿ ಏರಿ ಎರಡ ದಿನ ಕುಂತಿದ್ನಿ. ಕಂಕಳಾಗ ಆಡಿನ ಮರಿ ಬ್ಯಾರೆ. ಆವಾಗ ಯಾರೂ ನನಗ ಹೆಣಮಗಳು ಇಳೀ ಅನ್ನಲಿಲ್ಲ."

"ಊರ ಮಂದಿ ಏನಂತಾರ?"

"ಜೋಕಾಲಿ ಏರಿದಾಗ ಹೋ ಅಂದ್ರಲ್ರಿ. ಈಗೂ ಹೋ ಅಂತಾರ."

"ನಗಿಚಾಟಿ ಸಾಕು!" ಅಂದಾನಪ್ಪನ ದನಿ ಏರಿತು. "ಹಂಗಾದ್ರ ನೀ ಗುಡ್ಡದ ಮ್ಯಾಲ, ಅವ ರಾಯಚೂರಾಗ. ಸಂಸಾರ ಯಾವಾಗ ಮಾಡವ್ರು ನೀವು?"

"ತಿಂಗಳಿಗೆ ನಾಕ ದಿನ ಬರ್ತಾರಲ್ರಿ," ಎಂದಳು ಐಶ್ವರ್ಯಾ. ಆಮೇಲೆ ಅತ್ತೆಯ ಕಡೆ ನೋಡಿ ತಲೆ ತಗ್ಗಿಸಿದಳು.

ಬಾಳವ್ವ ಹಿಟ್ಟು ನಾದುತ್ತಿದ್ದಳು. ಕೈ ನಿಂತಿತು. ಅಂದು ರೊಟ್ಟಿ ದಪ್ಪವಾದವು.

ಬುಧವಾರ ಸಂಜೆ ಮಠದ ಶ್ರಾವಣದ ಪುರಾಣಕ್ಕೆ ಹೋಗಿ ಎಂದಿನಂತೆ ಕಂಬಕ್ಕೊರಗಿ ಕೂತಳು. ಶಾಸ್ತ್ರಿಗಳು ರಾಗವಾಗಿ ಪದ್ಯ ಓದಿ ಅರ್ಥ ಹೇಳುತ್ತಿದ್ದರು. ಇಪ್ಪತ್ತೊಂಬತ್ತು ಶ್ರಾವಣ ಅವಳು ಆ ಕಂಬದ ಬುಡದಲ್ಲಿ ಒಬ್ಬಳೇ ಕೂತು ಕೇಳಿದ್ದಳು. ಅಂದು ಪದ್ಯ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಇಟಗಿಯ ಶರಣೆ ಭೀಮವ್ವನಿಗೆ ಮನಸ್ಸಿನಲ್ಲೇ ಕೈ ಮುಗಿದು, ತಾಯಿ, ನನಗೆ ಮಾತು ಬರುವುದಿಲ್ಲ, ನೀನೇ ಏನಾದರೂ ಮಾಡು ಎಂದುಕೊಂಡಳು.

*

ಗುರುವಾರ ಬೆಳಗಿನ ಜಾವದಿಂದ ಜಿಟಿಜಿಟಿ ಮಳೆ. ಏಳೂವರೆಯ ಬಸ್ಸಿಗೆ ಗಜೇಂದ್ರಗಡ, ಅಲ್ಲಿಂದ ಕುಷ್ಟಗಿ ಮೇಲೆ ರಾಯಚೂರು. ಅಪ್ಪ ಮಗ ಇಬ್ಬರೂ ಜಳಕ ಮಾಡಿ ಹೊರಡಬೇಕು. ಬುತ್ತಿ ಕಟ್ಟಿಟ್ಟು ಬಾಳವ್ವ ಬಚ್ಚಲ ಒಲೆಯ ಮುಂದೆ ಕೂತಳು. ಹತ್ತಿಕಟ್ಟಿಗೆ ತೊಯ್ದು ತೊಪ್ಪೆಯಾಗಿತ್ತು. ಊದಿದಳು, ಸೀಮೆಎಣ್ಣೆ ಚಿಮುಕಿಸಿದಳು, ಕೊಟ್ಟಿಗೆಯ ಒಣ ಕುಳ್ಳು ಮುರಿದು ಹಾಕಿದಳು. ಒಂದಷ್ಟು ಕೆಂಡವಾಯಿತು, ಹಂಡೆಯ ನೀರು ಉಗುರುಬೆಚ್ಚಗೂ ಆಗಲಿಲ್ಲ.

"ನೀರ ಕಾದಾವೇನು? ಹೊತ್ತಾತು!" ಒಳಗಿನಿಂದ ಅಂದಾನಪ್ಪ ಕೂಗಿದ.

"ಕಾಯಾಕತ್ತಾವ್ರಿ."

ಬಾಳವ್ವ ಎದ್ದಳು. ಕೈ ತೊಳೆದುಕೊಂಡು ಜಗಲಿಯ ಮುಂದೆ ನಿಂತಳು. ಸೋಮವಾರದ ವಿಭೂತಿ ಕರಿಯ ಕಲ್ಲಿನ ಮೇಲೆ ಹಾಗೆಯೇ ಇತ್ತು. ಎರಡೂ ಕೈಯಿಂದ ಅದನ್ನೆತ್ತಿ ಕಣ್ಣಿಗೊತ್ತಿಕೊಂಡಳು. ಸೆರಗಿನಲ್ಲಿ ಸುತ್ತಿ ಹಿತ್ತಲಿಗೆ ತಂದು, ಒಗೆಯುವ ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ನಾಲ್ಕು ಹೋಳು ಮಾಡಿದಳು. ಕೆಂಡದ ಮೇಲೆ ಒಂದೊಂದಾಗಿ ಇಟ್ಟಳು, ನಡುವೆ ಸಂದಿ ಬಿಟ್ಟು, ಗಾಳಿ ಆಡುವಂತೆ.

ಮೊದಲು ಹಳದಿ ಹೊಗೆ ಎದ್ದಿತು. ಆಮೇಲೆ ಕಲ್ಲು ಹತ್ತಿತು. ಅರ್ಧ ತಾಸಿಗೆ ಹಂಡೆ ಗುಮ್ಮೆನ್ನತೊಡಗಿತು.

ಅಂದಾನಪ್ಪ ಬಚ್ಚಲಿಗೆ ಹೋದ. ಎರಡು ತಂಬಿಗೆ ಹೊಯ್ದುಕೊಂಡ ಸದ್ದು. ಮೂರನೆಯದು ಬರಲಿಲ್ಲ. ಪಂಚೆಯಿಂದ ನೀರು ಸೋರುತ್ತಿದ್ದಂತೆಯೇ ಅವನು ಹೊರಗೆ ಬಂದು ನಿಂತ. ಮೂಗಿನ ಹೊಳ್ಳೆ ಅರಳಿದ್ದವು.

"ಇದು ಕಲ್ಲಿದ್ದಲಿ ಹೊಗಿ."

ಅಮರೇಶ, ಐಶ್ವರ್ಯಾ ಓಡಿ ಬಂದರು. ಅಂದಾನಪ್ಪ ಬಗ್ಗಿ ಒಲೆಯೊಳಗೆ ನೋಡಿದ, ಹೊರಳಿ ಪಡಸಾಲೆಯ ಜಗಲಿ ನೋಡಿದ. ಅಲ್ಲಿ ಒಂದು ಕರಿಯ ದುಂಡು ಗುರುತು ಮಾತ್ರ ಉಳಿದಿತ್ತು.

"ಯಾರ ಮಾಡಿದ್ರು ಇದನ್ನ?" ಅವನ ಕಣ್ಣು ಸೊಸೆಯ ಕಡೆ ಹೋಯಿತು.

"ನಾನ್ರಿ," ಎಂದಳು ಬಾಳವ್ವ. "ಕಟ್ಟಿಗಿ ತೊಯ್ದಿದ್ವು."

"ತೊಯ್ದ್ರ? ದೇವರ ಮುಂದಿನ ಕಲ್ಲ ಒಲಿಗೆ ಹಾಕ್ತಾರೇನ? ನನಗ ಅನ್ನ ಕೊಟ್ಟ ಕಲ್ಲದು!"

"ಹೌದ್ರಿ, ಅನ್ನ ಕೊಟ್ಟೈತಿ. ಅದಕ್ಕ ಇಷ್ಟ ವರ್ಷ ವಿಭೂತಿ ಹಚ್ಚೀನಿ. ನಾಡಿಗೆಲ್ಲಾ ಬೆಳಕ ಕೊಟ್ಟು ಬಂದ್ರಿ ನೀವು. ಒಂದಿನಾ ನಮ್ಮನಿ ನೀರೂ ಕಾಯಿಸ್ಲಿ ಅಂತ ಹಾಕೀನಿ." ಅವಳ ದನಿ ಏರಲಿಲ್ಲ, ಪುರಾಣ ಕೇಳಿ ಬಂದು ಮನೆಯಲ್ಲಿ ಹೇಳುವಾಗ ಇರುವಷ್ಟೇ ಇತ್ತು. "ಇಪ್ಪತ್ತೊಂಬತ್ತ ವರ್ಷದಾಗ ನೀವು ಈ ಮನ್ಯಾಗ ಇದ್ದ ದಿನಾ ಕೂಡಿಸಿದ್ರ ನಾಕ ವರ್ಷ ತುಂಬೂದಿಲ್ರಿ. ಬಟ್ಟಿ ಒಗಿಯೂವಾಗ ಕೂಡಿಸ್ತಿದ್ನಿ. ಅಮರ್ಯಾನ ಮೊದಲ ಮಾತ ನೀವ ಕೇಳಲಿಲ್ಲ. ಅತ್ತಿ ಸತ್ತ ದಿನಾ ಮಣ್ಣಿಗೆ ಬಂದ್ರಿ, ಮೂರನೇ ದಿನಕ್ಕ ಪಾಳಿಗೆ ಹೋದ್ರಿ. ನಾ ಒಂದ ಮಾತ ಅಂದೀನೇನು? ಬ್ಯಾರೆ ದಾರಿ ಇರಲಿಲ್ಲ, ಅನ್ನಲಿಲ್ಲ. ಈಗ ದಾರಿ ಐತಿ, ಕಣ್ಣಿಗೆ ಕಾಣೂವಷ್ಟ ದೂರದಾಗ ಐತಿ. ಅವ ಏರಾಕ ಹೆದರ್ತಾನ, ಆಕಿ ಹೆದರೂದಿಲ್ಲ. ಆಕಿ ಏರಲಿ. ಅವ ಮೋಟರ ಸುತ್ತಲಿ. ಇಬ್ಬರೂ ಸಂಜಿಗೆ ಮನಿಗೆ ಬರ್ತಾರ. ನನ್ನ ಬಾಳನ್ನ ನನ್ನ ಸೊಸಿಗೆ ಕೊಡಬ್ಯಾಡ್ರಿ."

ಮಳೆ ಬಚ್ಚಲ ತಗಡಿನ ಮೇಲೆ ಬೀಳುತ್ತಿತ್ತು. ಅಂದಾನಪ್ಪ ಮಗನ ಕಡೆ ತಿರುಗಿದ.

"ಏರಾಕ ಹೆದರಿದಿಯೇನು?"

"ಹೂನಪಾ. ನಲವತ್ತ ಮೆಟ್ಟಲಕ್ಕ ಕೈ ಕಚ್ಚಿಬಿಟ್ವು."

ಬೈಗುಳಕ್ಕಾಗಿ ಅಮರೇಶ ತಲೆ ತಗ್ಗಿಸಿ ನಿಂತ. ಅಂದಾನಪ್ಪ ಒದ್ದೆ ತೋಳಿನಿಂದ ಮುಖ ಒರೆಸಿಕೊಂಡ. "ನಾನೂ ಮೊದಲನೇ ದಿನ ಬೆಲ್ಟಿನ ಮ್ಯಾಲಿನ ಸಂಕ ದಾಟಾಕ ಬರದ ನಡಕ ಕುಂತಬಿಟ್ಟಿದ್ನಿ. ಗೌಸ್ಯಾ ಕೈ ಹಿಡದು ದಾಟಿಸಿದ. ಇನ್ನೂ ಆಡಿಕೊಂಡ ನಗತಾನ." ಒಳಗೆ ಹೋಗಿ ಬಚ್ಚಲ ಬಾಗಿಲು ಎಳೆದುಕೊಂಡ. ಮತ್ತೆ ತಂಬಿಗೆಯ ಸದ್ದು ಕೇಳಿತು. ನಾಲ್ಕು, ಐದು, ಆರು. ಅವನು ಬೇಗ ಮುಗಿಸಲಿಲ್ಲ. ಏಳೂವರೆಯ ಬಸ್ಸು ಹಾರನ್ ಹೊಡೆಯುತ್ತ ಊರ ಅಗಸಿ ದಾಟಿತು.

"ನೀರ ಚಲೋ ಕಾದಾವ," ಎಂದ ಒಳಗಿನಿಂದ. ಸ್ವಲ್ಪ ಹೊತ್ತು ಬಿಟ್ಟು, "ಅಮರ್ಯಾ, ಆ ಚೀಲಾ ಬಿಚ್ಚು. ಬುತ್ತಿ ಇಲ್ಲೇ ಉಣ್ಣೂಣು."

*

ಶನಿವಾರ ಅಂದಾನಪ್ಪ ಒಬ್ಬನೇ ರಾಯಚೂರಿಗೆ ಹೊರಟ, ಗೌಸುಸಾಬನ ಅಳಿಯನನ್ನು ತನ್ನ ಜಾಗಕ್ಕೆ ನಿಲ್ಲಿಸಿ ಬರಲು. ಅಷ್ಟರಲ್ಲಿ ಐಶ್ವರ್ಯಾ ಕಂಬದ ತುದಿ ಮುಟ್ಟಿ ಇಳಿದು ಬಂದಿದ್ದಳು. ಮೇಲಿನ ಕಿಂಡಿಯಿಂದ ನಮ್ಮ ಬೇವಿನ ಮರ ಕಾಣಿಸಿತೆಂದು ಓಣಿಗೆಲ್ಲ ಹೇಳಿ, ನಂಬದವರೊಂದಿಗೆ ಜಗಳವನ್ನೂ ಆಡಿದ್ದಳು.

"ನಮ್ಮ ಮಗಗ ಬ್ಯಾಡಾಗಿದ್ದನ್ನ ಅವರಿಗೆ ಕೊಡೂದು ಪಾಪ ಆಗತೈತೇನ್ರಿ?" ಗಂಡನ ಚೀಲ ಕಟ್ಟುತ್ತ ಬಾಳವ್ವ ಕೇಳಿದಳು.

"ಅವರಿಗೆ ಬೇಕಾಗೈತಿ. ಅವರಿರೂದೂ ಅಲ್ಲೇ ಕಾಲೊನ್ಯಾಗ, ಪಾಳಿ ಮುಗಿದ್ರ ಮನಿ. ಬೆಲ್ಟ ನಿಂತ ದಿನಾ ಏನ ಮಾಡ್ತಾರೋ ಗೊತ್ತಿಲ್ಲ. ಇವತ್ತ ಒಲಿ ಹತ್ತಬೇಕಲ್ಲ."

ಬಾಳವ್ವ ನೀಲಿ ಅಂಗಿ, ಜಾಕೀಟುಗಳನ್ನು ಮೇಲುಗಡೆ ಇಟ್ಟಳು. "ಇವನ್ನ ಆಸಿಫಾನ ಗಂಡಗ ಕೊಡ್ರಿ. ಆಕಿಗೆ ಹೇಳ್ರಿ, ಬ್ಯಾರೆ ಬಟ್ಟಿ ಕೂಡ ನೆನಿಹಾಕಬ್ಯಾಡ, ಏಳು ನೀರ ಬೇಕಾಗತಾವ ಅಂತ."

"ಏಳು?" ಅಂದಾನಪ್ಪ ಚೀಲ ಹೆಗಲಿಗೆ ಹಾಕುವವನು ನಿಂತ. "ಏಳು ಕೊಡಾ?"

"ಹೂಂ ಮತ್ತ."

ಬಸ್ಸಿಗೆ ಹೋಗುವವನು ಎರಡು ಸಲ ಹೊರಳಿ ನೋಡಿದ.

ಶ್ರಾವಣ ಮುಗಿದು ಭಾದ್ರಪದ ಬಂತು. ಐಶ್ವರ್ಯಾ ಕೆಲಸಕ್ಕೆ ಸೇರಿ ಹದಿನೈದು ದಿನವಾಗಿತ್ತು. ಅಂದಾನಪ್ಪ ಸಂಜೆ ಮಠಕ್ಕೆ ಬರತೊಡಗಿದ್ದ. ಕಂಬದ ಆ ಬದಿಗೆ ಅವನು, ಈ ಬದಿಗೆ ಅವಳು. ಅವನು ತೂಕಡಿಸುತ್ತಿದ್ದ, ಅವಳು ಕೇಳುತ್ತಿದ್ದಳು. ಗುಡ್ಡದ ಫ್ಯಾನುಗಳು ನಿಂತಾಗಲೆಲ್ಲ ಸೊಸೆಯನ್ನು ಕೆಣಕುವುದನ್ನು ಮಾತ್ರ ಅವನು ಬಿಟ್ಟಿರಲಿಲ್ಲ. "ಏನವಾ, ಇವತ್ತ ನಿಮ್ಮ ಕಂಪನಿಗೆ ಸೂಟಿಯೇನು?" ಅವಳೂ ಬಿಡುತ್ತಿರಲಿಲ್ಲ. "ಸೂಟಿ ಇಲ್ಲದ ಕೆಲಸದಿಂದ ಬಂದವರಿಗೆ ಸೂಟಿ ಕಂಡ್ರ ಹೊಟ್ಟಿ ಉರಿತೈತ್ರಿ ಮಾವಾರ."

ಭಾನುವಾರ ನಳ ಬಂದಿತ್ತು. ಸೊಸೆಯ ಕೆಲಸದ ಬಟ್ಟೆ ಒಗೆಯಬೇಕೆಂದು ಬಾಳವ್ವ ನಸುಕಿನಲ್ಲೇ ಎದ್ದು, ಕೈ ನಡೆಸಿಕೊಂಡು ಹೋದಂತೆ, ಏಳು ಕೊಡ ತುಂಬಿ ಒಗೆಯುವ ಕಲ್ಲಿನ ಬಳಿ ಸಾಲಾಗಿ ಇಟ್ಟಳು. ಆದರೆ ಅವಳು ಬಟ್ಟೆ ತರುವಷ್ಟರಲ್ಲಿ ಅಮರೇಶ ಅಲ್ಲಿ ಕೂತಿದ್ದ.

"ಅತ್ತಾಗ ಸರಿ ಯವ್ವಾ. ಆಕಿ ಏರ್ತಾಳ, ನಾ ಒಗಿತೀನಿ. ಹಂಗಂತ ಮಾತಾಗೈತಿ."

ಬಾಳವ್ವ ಕಟ್ಟೆಯ ಮೇಲೆ ಕೂತಳು. ಹಲ್ಲುಜ್ಜುತ್ತ ಅಂದಾನಪ್ಪನೂ ಬಂದು ಪಕ್ಕಕ್ಕೆ ನಿಂತ. ಅಮರೇಶ ತೋಳಿನ ಎಣ್ಣೆಕಲೆಗೆ ಸಾಬೂನು ತಿಕ್ಕಿದ, ಒಗೆದ. ಮೊದಲ ಕೊಡದ ನೀರು ಕೆಮ್ಮಣ್ಣಿನ ಬಣ್ಣಕ್ಕೆ ಹರಿಯಿತು. ಎರಡನೆಯ ಕೊಡ ಸುರಿದ; ನೀರು ತಿಳಿಯಾಯಿತು. ಬಟ್ಟೆ ಹಿಂಡಿ ತಂತಿಯ ಮೇಲೆ ಹರವಿ ಕೈ ಜಾಡಿಸಿದ.

"ಆತೇನಲೇ?" ಅಂದಾನಪ್ಪ ಕೇಳಿದ.

"ಆತು. ಎರಡ ನೀರಿಗೆ ಹೋತು."

ಕಲ್ಲಿನ ಬಳಿ ಐದು ಕೊಡ ತುಂಬಿದಂತೆಯೇ ನಿಂತಿದ್ದವು. ಬಾಳವ್ವ ಅವುಗಳನ್ನೇ ನೋಡುತ್ತ ಕೂತಳು. ಬಾಯಲ್ಲಿ ಎರಡು ಪದ ಮುಗಿದಿದ್ದವು. ಮೂರನೆಯದು ತಾನಾಗಿಯೇ ಎತ್ತಿಕೊಂಡಿತ್ತು. ಅಂದಾನಪ್ಪ ಬಾಯಿ ಮುಕ್ಕಳಿಸಿ ಬಂದು ಒಂದು ಕೊಡವನ್ನು ಹೆಗಲಿಗೇರಿಸಿದ.

"ಎಲ್ಲಿಗೆ ಒಯ್ತೀರಿ?"

"ಪತ್ರಿ ಗಿಡಕ್ಕ ಹಾಕ್ತೀನಿ. ಒಣಗಿ ನಿಂತೈತಿ," ಎಂದ ಅವನು. "ನೀ ಕುಂಡ್ರು. ಆ ಪದಾ ಯಾಕ ನಿಲ್ಲಿಸಿದಿ? ಅನ್ನು."